ಗುರಿಗೆ ತಕ್ಕ ಮದ್ದು

ಆ ಬೇಸಿಗೆಯಲ್ಲಿ ಡ್ವೇನ್ ಹಾಲ್ವರ್ಸನ್‌ನ ದೂರು ಒಂದೇ ಆಗಿತ್ತು: ಅವನ ಕೋವಿ ಅವನ ಮಾತು ಕೇಳುತ್ತಿರಲಿಲ್ಲ. (ಹೆಂಡತಿ ಲೋರೀನ್ ಕೂಡ ಕೇಳುತ್ತಿರಲಿಲ್ಲ. ಆದರೆ ಅದು ಹಳೆಯ ವಿಷಯ, ದೂರಿನ ಹಂತ ದಾಟಿ ಹವಾಮಾನದಂತೆ ಒಗ್ಗಿಹೋಗಿತ್ತು.)

ಕೋವಿಯೆಂದರೆ ತೋಟೆ ತುರುಕಿ ಢಂ ಢಂ ಅನ್ನಿಸುವ ಈ ಕಾಲದ್ದಲ್ಲ. ನಳಿಗೆಯ ಬಾಯಿಗೆ ಕರಿಮದ್ದು ಸುರಿದು, ಕೊಬ್ಬು ಸವರಿದ ಬಟ್ಟೆಯ ಚೂರಿನಲ್ಲಿ ಸೀಸದ ಗುಂಡನ್ನು ಸುತ್ತಿ, ಗಜಕಡ್ಡಿಯಿಂದ ತಳದವರೆಗೆ ಜಡಿದು, ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಏರಿಸಿ ಹೊಡೆಯುವ ಕೇಪಿನ ಕೋವಿ. ಒಂದು ಈಡು ತಪ್ಪಿತೋ, ಇನ್ನೊಂದನ್ನು ತುಂಬುವಷ್ಟರಲ್ಲಿ ಎಲ್ಕ್ ಎಂಬ ಆ ಭಾರಿ ಜಿಂಕೆ ಪಕ್ಕದ ಜಿಲ್ಲೆಯಲ್ಲಿ ಹುಲ್ಲು ಮೇಯುತ್ತಿರುತ್ತದೆ. ಆದರೆ ಕೊಲರಾಡೋದ ಆ ಬೆಟ್ಟಗಳಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ಕುದುರೆಯಷ್ಟು ದೊಡ್ಡ ಗಂಡು ಎಲ್ಕ್‌ಗಳು ಮದವೇರಿ ಕಣಿವೆ ತುಂಬ ಕೂಗುವಾಗ, ಅವುಗಳ ಹಿಂದೆ ಹೋಗಲು ಕೋವಿಗಳ ಪೈಕಿ ಕೇಪಿನ ಕೋವಿಗೆ ಮಾತ್ರ ಅಪ್ಪಣೆ. ಅದಕ್ಕೂ ಚೀಟಿ ಎತ್ತುತ್ತಾರೆ. ವರ್ಷಗಟ್ಟಲೆ ಕಾದ ಮೇಲೆ ಈ ಸಲ ಡ್ವೇನನ ಹೆಸರು ಎದ್ದಿತ್ತು.

ಹೆಸರು ಎದ್ದ ದಿನದಿಂದ ಗುರಿ ಬಿದ್ದಿತ್ತು. ಮನೆಯ ಹಿಂದಿನ ಬಯಲಿನಲ್ಲಿ ಕಾಗದದ ಗುರಿ ನೆಟ್ಟು ಹೊಡೆದರೆ ಒಂದು ಗುಂಡು ಮೇಲೆ, ಒಂದು ಕೆಳಗೆ, ಒಂದು ಎಲ್ಲಿಗೆ ಹೋಯಿತೆಂದು ದೇವರಿಗೇ ಗೊತ್ತು. ಮದ್ದು ಹೆಚ್ಚಾಯಿತೆಂದು ಐದು ಗ್ರೇನ್ ಇಳಿಸಿದ. ಕಡಿಮೆಯಾಯಿತೆಂದು ಹತ್ತು ಏರಿಸಿದ. ಒರಟು ಮದ್ದು ಬಿಟ್ಟು ನಯ ಮದ್ದು ಹಿಡಿದ. ಕುರಿಯ ಕೊಬ್ಬು ಬಿಟ್ಟು ಕರಡಿಯ ಕೊಬ್ಬು ತರಿಸಿದ. ಪ್ರತಿ ಸಂಜೆ ನಳಿಗೆಯನ್ನು ಅಡುಗೆಮನೆಯ ತೊಟ್ಟಿಯಲ್ಲಿ ಸೋಪಿನ ಬಿಸಿನೀರು ಹಾಕಿ ತೊಳೆಯುತ್ತಿದ್ದ. ಆ ಮಹಾಭಿಷೇಕದ ತೀರ್ಥ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು.

"ನಿನ್ನ ಕೋವಿಗೆ ಎಷ್ಟು ಮದ್ದು ಅಂತ ಹುಡುಕ್ತಿದೀಯಲ್ಲ," ಎಂದಳು ಲೋರೀನ್ ಮೂಗು ಮುಚ್ಚಿಕೊಂಡು, "ನಿನ್ನ ಹುಚ್ಚಿಗೆ ಎಷ್ಟು ಮದ್ದು ಬೇಕು ಅಂತ ನಾನು ಯಾರನ್ನ ಕೇಳ್ಲಿ?"

"ಇನ್ನೊಂದೇ ವಾರ ಕಣೆ."

"ಹೋದ ವಾರಾನೂ ಇನ್ನೊಂದೇ ವಾರ ಅಂದಿದ್ದೆ. ಸರೋವರಕ್ಕೆ ಹೋಗೋಣ, ದೋಣೀಲಿ ಕೂತು ಟ್ರೌಟ್ ಮೀನು ಹಿಡಿಯೋಣ ಅಂದಿದ್ದು ನೀನೇ."

"ಟ್ರೌಟ್ ಎಲ್ಲಿಗೆ ಹೋಗತ್ತೆ? ಅಲ್ಲೇ ಇರತ್ತೆ."

"ಟ್ರೌಟ್ ಇರತ್ತೆ. ಬೇಸಿಗೆ ಇರತ್ತಾ?"

ಡ್ವೇನನಿಗೆ ಆ ಮಾತು ಕೇಳಿಸಲಿಲ್ಲ. ನಳಿಗೆಯೊಳಗೆ ಕಣ್ಣಿಟ್ಟು ಬೆಳಕು ನೋಡುತ್ತಿದ್ದ. ಬೇಸಿಗೆ ಹೋಯಿತು.

ಕೊನೆಗೆ ರೋಗ ಪತ್ತೆಯಾದದ್ದು ಪಕ್ಕದ ಜಮೀನಿನ ಕ್ಲೆಟಸ್ ಬಂದಾಗ. ಅವನು ಗುರಿಯನ್ನು ನೋಡಲೇ ಇಲ್ಲ. ಹುಲ್ಲಿನಲ್ಲಿ ಬಿದ್ದಿದ್ದ, ಗುಂಡಿನ ಜೊತೆ ಹಾರಿಹೋದ ಬಟ್ಟೆಚೂರುಗಳನ್ನು ಆರಿಸಿ ತಿರುಗಿಸಿ ನೋಡಿದ. ಎಲ್ಲವೂ ಹರಿದು ಜಾಲರಿಯಾಗಿದ್ದವು.

"ಮದ್ದಿನ ತಪ್ಪಲ್ಲ ಮಾರಾಯ, ಬಟ್ಟೆ ಜಾಳು. ಗುಂಡು ನಳಿಗೇಲಿ ಹಿಡಿತಾನೇ ಇಲ್ಲ. ಹಳೇ ಕಾಲದ ದಿಂಬಿನ ಬಟ್ಟೆ ಬೇಕು, ನೀಲಿ ಪಟ್ಟೆ ಇರತ್ತಲ್ಲ, ಒಂದು ಪುಕ್ಕಾನೂ ಆಚೆ ಬರದ ಹಾಗೆ ಬಿಗಿಯಾಗಿ ನೇಯ್ದಿದ್ದು. ಈಗ ಅಂಥದ್ದು ಯಾರು ನೇಯ್ತಾರೆ?"

ನೀಲಿ ಪಟ್ಟೆಯ ದಿಂಬಿನ ಬಟ್ಟೆ! ಅದನ್ನು ಡ್ವೇನ್ ನೋಡಿದ್ದ. ಮಲಗುವ ಕೋಣೆಯ ದೇವದಾರು ಪೆಟ್ಟಿಗೆಯ ತಳದಲ್ಲಿ, ಪುಕ್ಕ ತೆಗೆದ ಬರಿಯ ಚೀಲ, ಮಡಿಸಿ ಇಟ್ಟದ್ದು. ಲೋರೀನ್ ಶಾಲೆಯ ಅಡುಗೆ ಕೆಲಸಕ್ಕೆ ಹೋಗಿದ್ದಳು. ಕೇಳಬಹುದಿತ್ತು. ಸಂಜೆಯವರೆಗೆ ಕಾಯಬಹುದಿತ್ತು. ಖಾಲಿ ಚೀಲ, ಯಾರಿಗೆ ಬೇಕು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಅವನು ಕತ್ತರಿ ಎತ್ತಿಕೊಂಡ. ಗುಂಡಗೆ ಕತ್ತರಿಸಿ, ಕೊಬ್ಬು ಸವರಿ, ತಗಡಿನ ಡಬ್ಬಿ ತುಂಬಿದ.

ಮೊದಲ ಈಡು ಗುರಿಯ ನಡುವಿಗೆ ಬಡಿಯಿತು. ಎರಡನೆಯದು ಅದರ ಮಗ್ಗುಲಿಗೆ. ಮೂರನೆಯದು ಆ ಎರಡನ್ನೂ ಒಂದು ಮಾಡಿತು. ಡ್ವೇನ್ ಬಯಲಿನಲ್ಲಿ ಒಬ್ಬನೇ ಕುಣಿದ. ಅಷ್ಟರಲ್ಲಿ ಲೋರೀನಳ ಕಾರು ಅಂಗಳಕ್ಕೆ ಬಂತು.

"ಬಾ ಬಾ, ನೋಡು! ಒಂದು ಮೊಟ್ಟೆ ಇಟ್ರೆ ಮೂರು ತೂತೂ ಮುಚ್ಚಿಹೋಗತ್ತೆ!"

ಲೋರೀನ್ ಬಂದು ನೋಡಿದಳು. ಅವಳಿಗೆ ನಿಜಕ್ಕೂ ಸಂತೋಷವಾಯಿತು. "ಅಂತೂ ಗೆದ್ದೆ ಬಿಡು ನನ್ನ ರಾಜ!" ಎಂದು ಬೆನ್ನು ತಟ್ಟಿದಳು. "ನಾಳೇನೇ ಸರೋವರಕ್ಕೆ ಹೋಗೋಣ." ಆಮೇಲೆ ಅವಳ ಕಣ್ಣು ಹುಲ್ಲಿನ ಮೇಲೆ ಬಿತ್ತು. ಬಗ್ಗಿ ಒಂದು ಚೂರನ್ನು ಎತ್ತಿಕೊಂಡಳು. ನಡುವೆ ಮಸಿ, ಅಂಚಿನಲ್ಲಿ ನೀಲಿ ಪಟ್ಟೆ.

"ಡ್ವೇನ್. ಇದು ಎಲ್ಲಿಂದ ತಂದೆ?"

"ಅದು... ಆ ಪೆಟ್ಟಿಗೇಲಿ... ಖಾಲಿ ಚೀಲ ಇತ್ತಲ್ಲ..."

"ಖಾಲಿ ಚೀಲ." ಅವಳು ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ವಾಸಿಯಿತ್ತು. "ನಮ್ಮಮ್ಮ ಆಸ್ಪತ್ರೆಗೂ ಆ ದಿಂಬನ್ನೇ ಹೊತ್ಕೊಂಡು ಹೋಗಿದ್ಲು. ಕೊನೇ ದಿನ ಅದರ ಮೇಲೇ ತಲೆ ಇಟ್ಟಿದ್ಲು. ತೊಳೀದೆ ಹಾಗೇ ಮಡಚಿಟ್ಟಿದ್ದೆ."

"ನಂಗೆ ಗೊತ್ತಿರಲಿಲ್ಲ ಕಣೆ."

"ಕೇಳಿದ್ರೆ ಗೊತ್ತಾಗ್ತಿತ್ತು."

ಆಮೇಲೆ ಅವರ ಮನೆಯಲ್ಲಿ ಮೌನವೆಂಬ ಮಹಾರಾಣಿಯ ಆಳ್ವಿಕೆ. ಉಪ್ಪು ಬೇಕಾದರೂ ಡ್ವೇನ್ ಎದ್ದು ಹೋಗಿ ತರಬೇಕು. ಅವನು ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು, ಅಂಗಡಿಯಿಂದ ಹೊಸ ಪಟ್ಟೆಬಟ್ಟೆ ತಂದ. ಗುಂಡುಗಳು ಮತ್ತೆ ದಿಕ್ಕಾಪಾಲಾದವು. ಸರೋವರಕ್ಕೆ ಹೋಗೋಣವೇ ಎಂದು ತಾನಾಗಿ ಕೇಳಿದ. "ನೀನು ಹೋಗು," ಎಂದಳು. ಅವನು ಹೋಗಿ, ದೋಣಿಯಲ್ಲಿ ಒಬ್ಬನೇ ಕೂತು, ಏನೂ ಹಿಡಿಯದೆ ಬಂದ.

ಬೇಟೆಗೆ ಹೊರಡುವ ದಿನ ಗಾಡಿಗೆ ಗುಡಾರ ತುಂಬುತ್ತಿದ್ದಾಗ ಲೋರೀನ್ ಹೊರಗೆ ಬಂದು ಡಬ್ಬಿಯನ್ನು ಅವನ ಕೈಗಿಟ್ಟಳು.

"ತಗೋ. ಕತ್ತರಿಸಿದ್ದನ್ನ ಮತ್ತೆ ಹೊಲಿಯಕ್ಕಾಗಲ್ಲ. ಎಲ್ಕ್ ಮಾಂಸ ಅಂದ್ರೆ ನಮ್ಮಮ್ಮ ಪ್ರಾಣ ಬಿಡ್ತಿದ್ಲು. ಅದಕ್ಕಾದ್ರೂ ಆಗ್ಲಿ. ನಾನೂ ಬರ್ತೀನಿ, ಅಡುಗೆಗೆ. ಮಾತಾಡಕ್ಕಲ್ಲ."

ಮರುದಿನ ಬೆಳಕು ಹರಿಯುವಾಗ ಡ್ವೇನ್ ಹಳದಿಗೆ ತಿರುಗಿದ ಆಸ್ಪೆನ್ ಮರಗಳ ಕೆಳಗೆ ಮಂಡಿಯೂರಿ ಕೋವಿ ತುಂಬಿದ. ಡಬ್ಬಿಯಿಂದ ಆ ಬಟ್ಟೆಯ ಒಂದು ಚೂರನ್ನು ಆರಿಸಿ ತೆಗೆದ. ಪಟ್ಟೆ ನೇರವಾಗಿ ಬರುವಂತೆ ಚೂರನ್ನು ನಳಿಗೆಯ ಬಾಯಿಗೆ ಹಾಸಿ, ಗುಂಡನ್ನು ಅದರ ಮೇಲೆ ಮಗುವನ್ನು ತೊಟ್ಟಿಲಿಗೆ ಹಾಕಿದಂತೆ ಇಟ್ಟು, ಮೆಲ್ಲಗೆ ತಳಕ್ಕಿಳಿಸಿದ. "ಅತ್ತೆ, ಕ್ಷಮಿಸಿ," ಎಂದೂ ಹೇಳಿದ. (ಅತ್ತೆ ಬದುಕಿದ್ದಾಗ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.)

ಎಲ್ಕ್ ಬಂತು. ಎಂಥ ಎಲ್ಕ್! ಕೊಂಬು ಹೊತ್ತ ಅರಮನೆ. ನಲವತ್ತು ಗಜದಲ್ಲಿ ಅಡ್ಡ ನಿಂತು ಬಾಯಿಂದ ಹಬೆ ಬಿಟ್ಟಿತು. ಡ್ವೇನ್ ಉಸಿರು ಹಿಡಿದು, ಭುಜದ ಹಿಂದೆ ಗುರಿಯಿಟ್ಟು, ಕೋವಿಯ ಕುದುರೆ ಎಳೆದ.

ಟಪ್.

ಅಷ್ಟೇ. ಕೇಪು ಸಿಡಿಯಿತು, ಕೋವಿ ಸುಮ್ಮನಿತ್ತು. ಎಲ್ಕ್ ಅವನನ್ನು ಒಮ್ಮೆ ದಿಟ್ಟಿಸಿ, ಓಡುವ ಮರ್ಯಾದೆಯನ್ನೂ ತೋರದೆ, ನಡೆದೇ ಹೋಯಿತು. ಇನ್ನೊಂದು ಕೇಪಿಗಾಗಿ ಡ್ವೇನ್ ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಸಿಕ್ಕದ್ದು ಮದ್ದಿನ ಅಳತೆಗೊಳವೆ. ಬೇಸಿಗೆಯಿಡೀ ತೂಗಿ ಅಳೆದ ಮದ್ದು, ಒಂದು ಹರಳೂ ಹೆಚ್ಚುಕಡಿಮೆಯಿಲ್ಲದೆ, ಅದರಲ್ಲಿ ಹಾಗೇ ಕೂತಿತ್ತು.

ಗುಡಾರಕ್ಕೆ ಬಂದಾಗ ಲೋರೀನ್ ಕಾಫಿ ಕಾಯಿಸುತ್ತಿದ್ದಳು.

"ಶಬ್ದಾನೇ ಬರ್ಲಿಲ್ಲ?"

"ಮದ್ದು ಹಾಕಿರಲಿಲ್ಲ."

"ಏನು?"

"ಬಟ್ಟೆ ಹಾಕೋ ಗಡಿಬಿಡೀಲಿ... ಮದ್ದೇ ಹಾಕ್ಲಿಲ್ಲ ಲೋರೀನ್."

ಅವಳು ಅವನ ಮುಖ ನೋಡಿದಳು. ತುಟಿ ಬಿಗಿ ಹಿಡಿದಳು. ಆಗಲಿಲ್ಲ. ನಕ್ಕಳು, ಒಲೆಯ ಪಕ್ಕ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣಿವೆಯಲ್ಲಿದ್ದ ಎಲ್ಕ್‌ಗಳೆಲ್ಲ ದಿಕ್ಕೆಟ್ಟು ಓಡುವ ಹಾಗೆ ನಕ್ಕಳು. ನಗುತ್ತ ನಗುತ್ತಲೇ ಅತ್ತಳು. ಡ್ವೇನ್ ಕೋವಿ ಹಿಡಿದು ನಿಂತಿದ್ದ.

ಕಣ್ಣು ಒರೆಸಿಕೊಂಡು ಅವಳು ಕೇಳಿದಳು, "ಈಗ ಆ ಗುಂಡು ತೆಗೆಯೋದು ಹೇಗೆ?"

ಅವನು ಗಜಕಡ್ಡಿಯ ತುದಿಗೆ ತಿರುಪು ಸಿಕ್ಕಿಸಿ, ಸೀಸಕ್ಕೆ ಕೊರೆದು, ಅವಳು ಕೋವಿಯನ್ನು ಅವುಚಿ ಹಿಡಿದಿರಲು, ಕಾಲು ಊರಿ ಜಗ್ಗಿದ. ಗುಂಡು ಹೊರಬಂತು. ಜೊತೆಗೆ ಬಟ್ಟೆಯೂ ಬಂತು. ಸುಟ್ಟಿರಲಿಲ್ಲ, ಹರಿದಿರಲಿಲ್ಲ, ಪಟ್ಟೆ ಪಟ್ಟೆಯಾಗಿಯೇ ಇತ್ತು. ಲೋರೀನ್ ಅದನ್ನು ಅಂಗೈ ಮೇಲೆ ಬಿಡಿಸಿ ಮೂಗಿನ ಹತ್ತಿರ ಹಿಡಿದಳು.

"ಅಮ್ಮನ ವಾಸನೆ ಇದೆಯಾ?" ಎಂದ ಡ್ವೇನ್, ಆಸೆಯಿಂದ.

"ಕರಡಿ ವಾಸನೆ," ಎಂದಳು. ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡಳು. ಆಮೇಲೆ ಕೈ ಚಾಚಿದಳು. "ಉಳಿದದ್ದನ್ನೂ ಕೊಡು. ನೀನು ಅಂಗಡಿ ಬಟ್ಟೇಲೇ ಹೊಡ್ಕೋ."

ಅವನು ಹಾಗೆಯೇ ಹೊಡೆದ. ಒಂದು ಆಸ್ಪೆನ್ ಮರಕ್ಕೆ ಗಾಯವಾಯಿತು. ಆ ಚಳಿಗಾಲವೆಲ್ಲ ಹಾಲ್ವರ್ಸನ್‌ರ ಮನೆಯಲ್ಲಿ ಕೋಳಿಯ ಸಾರು. ಡ್ವೇನ್ ಪ್ರತಿ ಸಲವೂ ಚೆನ್ನಾಗಿದೆ ಎಂದು ಹೇಳಿ, ಇನ್ನೊಂದು ಬಟ್ಟಲು ಕೇಳಿ ತಿನ್ನುತ್ತಿದ್ದ.