ಪುಂಡಿ ಗಿಡಕ್ಕೆ ನಾನು ನೀರೆರೆದ ಕಥೆ

ಮನೆಯ ಯಜಮಾನನೆನ್ನಿಸಿಕೊಂಡವನು ಬೆಳಗ್ಗೆ ಎದ್ದ ಕೂಡಲೆ ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಕುಂಡದ ಮಣ್ಣಿಗೆ ತೋರುಬೆರಳು ತುರುಕಿ, "ಇನ್ನೂ ತೇವ ಇದೆ ಕಣೇ" ಎಂದು ಅಡುಗೆಮನೆಗೆ ವರದಿ ಒಪ್ಪಿಸಬೇಕು. ಒಪ್ಪಿಸಿದ ಮೇಲೆಯೇ ಕಾಫಿ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಇಂಥ ಕಠಿಣ ಶಿಕ್ಷೆ ಅನುಭವಿಸುತ್ತಿರುವ ಅಕೌಂಟೆಂಟ್ ನಾನೊಬ್ಬನೇ ಇರಬೇಕು. ನನ್ನ ಹೆಸರು ಮುನಿಸ್ವಾಮಿ. (ಸ್ವಾಮಿ ಎಂಬುದು ಹೆಸರಿನಲ್ಲಿ ಮಾತ್ರ. ಮುನಿಸಿನ ಖಾತೆ ಹೆಂಡತಿಯದು.)

ಎಲ್ಲಕ್ಕೂ ಕಾರಣ ಒಂದು ಪುಂಡಿ ಗಿಡ. ನಾನು ಮೈಸೂರಿನವನು, ನನ್ನ ಹೆಂಡತಿ ಇಂದ್ರಾಣಿ ಗದಗಿನ ಕಡೆಯವಳು. ಹುಳಿಹುಳಿ ಪುಂಡಿ ಸೊಪ್ಪಿಗೆ ನುಚ್ಚು ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಅವಳು ಮಾಡುವ ಪಲ್ಯವನ್ನು ಮದುವೆಯಾದಂದಿನಿಂದ ತಿನ್ನುತ್ತ ಬಂದಿದ್ದೇನೆ. ಆದರೆ ಅದು ಗಿಡದಲ್ಲಿದ್ದಾಗ ಹೇಗಿರುತ್ತದೆಂದು ನೋಡಿದವನಲ್ಲ. ಇಲ್ಲಿನ ಅಂಗಡಿಗಳಲ್ಲಿ ಪುಂಡಿಯೇ ಗೋಂಗೂರ ಎಂಬ ತೆಲುಗು ಹೆಸರಿನಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. "ವಿಮಾನದಾಗ ಬರೂದ್ರಾಗ ಅದರ ಹುಳಿ ಎಲ್ಲಾ ಆಕಾಶದಾಗ ಹೋಗಿರತೈತಿ" ಎಂದು ಇಂದ್ರಾಣಿ ಮೂಗು ಮುರಿಯುತ್ತಾಳೆ. ಅವಳಿಗೆ ಬೇಕಾದದ್ದು ತಾನೇ ಬೆಳೆದ, ತಾನೇ ಕಿತ್ತ ಪುಂಡಿ.

ಈ ಆಸೆಗೊಂದು ಹಿನ್ನೆಲೆ ಇದೆ. ನಮ್ಮ ಬಾಲ್ಕನಿಯಲ್ಲಿ ತುಳಸಿ ಹೋಯಿತು, ಮಲ್ಲಿಗೆ ಹೋಯಿತು, ಕರಿಬೇವು ಎರಡು ಸಲ ಹೋಯಿತು. ಇಲ್ಲಿನ ಜುಲೈ ಯಾರನ್ನೂ ಬಿಡುವುದಿಲ್ಲ. ಗಿಡ ಸತ್ತಾಗ ಇಂದ್ರಾಣಿ ಅಳುವವಳಲ್ಲ. ಕುಂಡವನ್ನು ತೊಳೆದು, ಒರೆಸಿ, ಗೋಡೆಯ ಪಕ್ಕ ಬೋರಲು ಹಾಕಿಡುತ್ತಾಳೆ. ಹಾಗೆ ಬೋರಲು ಬಿದ್ದ ಕುಂಡಗಳ ಸಾಲು ನೋಡುವಾಗಲೆಲ್ಲ ನನಗೆ ಕೆಡುಕೆನಿಸುತ್ತಿತ್ತು. ಅದನ್ನು ಅವಳಿಗೆ ಹೇಳುವ ಅಭ್ಯಾಸ ನನಗಿಲ್ಲ.

ಕಳೆದ ನವೆಂಬರಿನಲ್ಲಿ ದುಬೈನ ಕನ್ನಡಿಗರ ಸಮಾರಂಭಕ್ಕೆ ಹೋದವಳು ಕರವಸ್ತ್ರದ ಗಂಟಿನಲ್ಲಿ ಬೀಜ ತಂದಳು.

"ಯಾರು ಕೊಟ್ಟಿದ್ದು?" ಎಂದೆ.

"ಬಾಜೂಕ ಕುಂತಾಕಿ. ಹೆಸರ ಕೇಳಲಿಲ್ರಿ. ಪುಂಡಿ ಬೀಜ ಅಂದಳು, ತೊಗೊಂಡೆ."

ಅರ್ಧ ಬೀಜ ನಮ್ಮ ಕುಂಡಕ್ಕೆ ಬಿತ್ತು. ಉಳಿದದ್ದು ಎದುರು ಮನೆಯ ರಝಿಯಾಳ ಪಾಲಾಯಿತಂತೆ. ಭಟ್ಕಳದ ರಝಿಯಾ ಇಂದ್ರಾಣಿಯ ಜೀವದ ಗೆಳತಿ. ಇವರಿಬ್ಬರ ನಡುವೆ ನಡೆಯುವ ಆಮದು ರಫ್ತು ನನ್ನ ಗಮನಕ್ಕೆ ಬರುವುದೇ ಇಲ್ಲ, ಇದೂ ಬರಲಿಲ್ಲ.

ನಮ್ಮ ಕುಂಡದಲ್ಲಿ ಒಂದು ಸಸಿ ಚೆನ್ನಾಗಿ ಎದ್ದಿತು. ಮೊದಮೊದಲು ದುಂಡಗಿನ ಪಾಪದ ಎಲೆಗಳು. ಗೇಣುದ್ದ ಆಗುವಷ್ಟರಲ್ಲಿ ಹೊಸ ಎಲೆಗಳು ಕೈಬೆರಳಿನ ಹಾಗೆ ಸೀಳಿಕೊಂಡವು, ಬೆರಳಿನ ಅಂಚಿಗೆಲ್ಲ ಗರಗಸದ ಹಲ್ಲು. ಇದನ್ನು ಎಲ್ಲೋ ಚಿತ್ರದಲ್ಲಿ ನೋಡಿದ್ದೇನಲ್ಲ ಅನ್ನಿಸಿತು. ಅಷ್ಟರಲ್ಲಿ ಬುಡದ ಒಂದು ಎಲೆ ಹಳದಿಯಾಯಿತು.

"ಏನ್ರೀ, ಎಲಿ ಯಾಕ ಹಳದಿ ಆಗೇತಿ ನೋಡ್ರಿಲ್ಲೆ. ನಿಮ್ಮ ಫೋನಿಗೆ ಎಲ್ಲಾ ಗೊತ್ತಿರತೈತಲ್ಲ, ಇದನ್ನೂ ಕೇಳ್ರಿ."

ಫೋಟೋ ತೆಗೆದುಕೊಂಡು ಆಫೀಸಿಗೆ ಹೋದೆ. ಊಟದ ಹೊತ್ತಿನಲ್ಲಿ, ಗಿಡಗಳನ್ನು ಗುರುತಿಸುವ ಆ್ಯಪೊಂದನ್ನು ಇಳಿಸಿಕೊಂಡು ಫೋಟೋ ಹಾಕಿದೆ. ಕ್ಷಣಮಾತ್ರದಲ್ಲಿ ಉತ್ತರ ಬಂತು: ಕ್ಯಾನಬಿಸ್, ಎಳೆಯ ಸಸಿ, ಎಲೆ ಹಳದಿಯಾಗುತ್ತಿದೆ, ನೀರಿನ ಪ್ರಮಾಣ ಪರೀಕ್ಷಿಸಿ.

ಕ್ಯಾನಬಿಸ್ ಅಂದರೆ ಗಾಂಜಾ. ಬಾಯಲ್ಲಿದ್ದ ಚಪಾತಿ ಬಾಯಲ್ಲೇ ಉಳಿಯಿತು. ಇಷ್ಟು ವರ್ಷ ಈ ದೇಶದಲ್ಲಿ ಕೆಂಪು ದೀಪ ದಾಟದೆ, ಕ್ಯೂ ಮುರಿಯದೆ, ಕೆಮ್ಮಿನ ಸಿರಪ್ಪನ್ನೂ ಡಾಕ್ಟರ ಚೀಟಿಯಿಲ್ಲದೆ ತರದೆ ಬಾಳಿದ ಮಹಾಪುರುಷನ ಬಾಲ್ಕನಿಯಲ್ಲಿ ಗಾಂಜಾ. ಆ್ಯಪ್ ಅಳಿಸಿದೆ, ಫೋಟೋ ಅಳಿಸಿದೆ, ಫೋನನ್ನೇ ಒಮ್ಮೆ ಆರಿಸಿ ಹಚ್ಚಿದೆ. ಆ ಹೆಸರಿಲ್ಲದ ಹೆಂಗಸು ನನ್ನ ಮುಗ್ಧ ಹೆಂಡತಿಯ ಕರವಸ್ತ್ರಕ್ಕೆ ಕಟ್ಟಿಕೊಟ್ಟದ್ದು ಪುಂಡಿಯಲ್ಲ, ಜೈಲು.

ಇಂದ್ರಾಣಿಗೆ ಹೇಳುವ ಹಾಗಿಲ್ಲ. ಅವಳಿಗೆ ಬಿಪಿ ಇದೆ, ಕೇಳಿದರೆ ಅಲ್ಲೇ ಕುಸಿಯುತ್ತಾಳೆ. ಕಿತ್ತು ಬಿಸಾಡೋಣವೆಂದರೆ ಲಿಫ್ಟಿನಲ್ಲಿ ಕ್ಯಾಮೆರಾ, ಕಸದ ಕೋಣೆಯೆದುರು ಕ್ಯಾಮೆರಾ. ಗಿಡ ತಾನಾಗಿಯೇ ಸಾಯಬೇಕು, ಉಳಿದ ಗಿಡಗಳು ಸತ್ತ ಹಾಗೆ, ಯಾರಿಗೂ ಅನುಮಾನ ಬಾರದಂತೆ. ಅಳಿಸುವ ಮುಂಚೆ ಆ್ಯಪಿನಲ್ಲಿ ಒಂದು ಮಾತು ಓದಿದ್ದೆ. ಎಳೆಯ ಸಸಿಗಳು ಸಾಯುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಬೇರಿಗೆ ಉಸಿರಾಡಲಾಗದೆ ಎಲೆ ಹಳದಿಯಾಗಿ, ಮೆತ್ತಗಾಗಿ ಜೋತುಬೀಳುತ್ತವೆ. ಏನು ಮಾಡಬಾರದೆಂದು ಬರೆದಿತ್ತೋ ಅದನ್ನೇ ಮಾಡುವುದೆಂದು ತೀರ್ಮಾನಿಸಿದೆ.

ಇಂದ್ರಾಣಿ ಬೇಗ ಏಳುವವಳು, ನಾನು ಅವಳಿಗಿಂತ ಬೇಗ ಏಳತೊಡಗಿದೆ. ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಹಿಡಿಯಲು ಬಾಲ್ಕನಿಯಲ್ಲಿ ಒಂದು ಬಕೆಟ್ ಇದೆ. ಅದನ್ನು ಎತ್ತಿ ಕುಂಡಕ್ಕೆ ಬಗ್ಗಿಸಿ, ಬೆಕ್ಕಿನ ಹೆಜ್ಜೆಯಲ್ಲಿ ಮರಳಿ ಹಾಸಿಗೆಗೆ ಬರುತ್ತಿದ್ದೆ. ಗಿಡದ ಎಲೆಗಳು ಒಂದೊಂದಾಗಿ ಹಳದಿಯಾದವು. ನನಗೆ ಸಮಾಧಾನ, ಇಂದ್ರಾಣಿಗೆ ಸಂಕಟ. ಅವಳ ಸಂಕಟ ನೋಡಿ ನನಗೂ ಸಂಕಟ.

ಒಂದು ಸಂಜೆ ಗಿಡದ ಸುತ್ತ ವೈದ್ಯರ ಸಮಿತಿ ಸೇರಿತು. ರಝಿಯಾ ಎಲೆ ಮುಟ್ಟಿ ನೋಡಿದಳು. "ನೀರು ಕಮ್ಮಿಯಾದ್ರೆ ಎಲೆ ಒಣಗಿ ಪರಪರ ಅಂತದೆ ಇಂದ್ರಾಣಿಯಕ್ಕ. ಇದು ನೋಡಿ, ಮೆತ್ತಗಾಗಿದೆ. ಎಂಥದೋ ಬೇರಿನ ತೊಂದರೆ."

ದುಬೈನಲ್ಲಿ ಕೆಲಸ ಮಾಡುವ ಮಗಳು ಹಿತಾ ವಿಡಿಯೋ ಕಾಲ್‌ನಲ್ಲಿ ಇಣುಕಿ, "ಅಮ್ಮಾ, ದಟ್ಸ್ ಓವರ್‌ವಾಟರಿಂಗ್. ಜಸ್ಟ್ ಸ್ಟಾಪ್ ವಾಟರಿಂಗ್ ಇಟ್" ಎಂದಳು.

"ನಾ ಎಲ್ಲಿ ಅಷ್ಟ ನೀರ ಹಾಕ್ತೇನವಾ?" ಎಂದ ಇಂದ್ರಾಣಿ ಮಣ್ಣಿಗೆ ಬೆರಳಿಟ್ಟಳು, ಬಕೆಟ್ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡು, "ದೃಷ್ಟಿಯಾಗಿರಬೇಕು" ಎಂದೆ. ಇಂದ್ರಾಣಿಯ ಮುಖದಲ್ಲಿ ಒಂಥರಾ ನಗೆ ಬಂದು ಹೋದ ಹಾಗೆ ಕಂಡಿತು, ನಾನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ.

ಅಂದಿನಿಂದ ಗಿಡದ ನಡವಳಿಕೆ ಬದಲಾಯಿತು. ನಾನು ಎಷ್ಟು ನೀರು ಹೊಯ್ದರೂ ಅದು ಸಾಯಲೊಲ್ಲದು. ಹಳೆಯ ಎಲೆ ಉದುರಿದರೆ ತುದಿಯಲ್ಲಿ ಹೊಸದು ಹಸಿರಾಗಿ ಮೂಡುತ್ತಿತ್ತು. ಇಂಥ ಹಠಮಾರಿ ಗಿಡ ಖಂಡಿತ ಗಾಂಜಾವೇ ಎಂದು ನನಗೆ ಖಾತ್ರಿಯಾಯಿತು.

ಹೀಗಿರುವಾಗ ಬಿಲ್ಡಿಂಗಿನವರು ಎಸಿ ಪೈಪ್ ನೋಡಲು ಒಬ್ಬರನ್ನು ಕಳಿಸಿದರು. ಬಾಗಿಲು ತೆರೆದದ್ದು ನಾನು. ಕೈಯಲ್ಲಿ ಟಾರ್ಚ್, ಕುತ್ತಿಗೆಯಲ್ಲಿ ಬಿಲ್ಲೆ ಹಾಕಿದ್ದ ಆ ಮನುಷ್ಯ ನೇರ ಬಾಲ್ಕನಿಗೆ ನಡೆದ. ನಾನು ಓಡಿಹೋಗಿ ಒಣಹಾಕಿದ್ದ ನನ್ನ ಪಂಚೆಯನ್ನು ಗಿಡದ ಮೇಲೆ ಹೊದಿಸಿದೆ. ಗಾಳಿಗೆ ಪಂಚೆ ಹಾರಿತು. ಅವನು ಗಿಡದತ್ತ ಬಗ್ಗಿದ. ಪೊಲೀಸರು ಬಂದರೆ ಹೇಳಲೆಂದು ಎಷ್ಟೋ ದಿನದಿಂದ ಕನ್ನಡಿಯೆದುರು ಅಭ್ಯಾಸ ಮಾಡಿಕೊಂಡಿದ್ದ ಮಾತು, ಬೇಡ ಬೇಡವೆಂದರೂ ಬಾಯಿಂದ ಜಾರಿತು.

"ಮೇರಾ ಹೈ. ಬೀವಿ ಕಾ ನಹೀ. ಬೀವಿಗೆ ಏನೂ ಗೊತ್ತಿಲ್ಲ." (ಕೊನೆಯ ಭಾಗಕ್ಕೆ ಹಿಂದಿ ನೆನಪಾಗಲಿಲ್ಲ.)

ಅವನು ನನ್ನನ್ನೂ ಕುಂಡವನ್ನೂ ನೋಡಿ, "ಠೀಕ್ ಹೈ ಸಾಬ್. ಥೋಡಾ ಹಟಾಯಿಯೇ, ಪೀಛೆ ಪೈಪ್ ಹೈ" ಎಂದ. ನಾನು ಕುಂಡವನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತೆ. ಅವನು ಪೈಪ್ ನೋಡಿ, "ಖಲಾಸ್" ಎಂದು ಹೋದ. ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಇಂದ್ರಾಣಿ ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು. ಈರುಳ್ಳಿ ಇರಬೇಕು ಅಂದುಕೊಂಡೆ.

ಆ ಭಾನುವಾರ ಹಿತಾ ದುಬೈನಿಂದ ಬಂದಳು, ರಝಿಯಾಳೂ ಊಟಕ್ಕಿದ್ದಳು. ಜೋಳದ ರೊಟ್ಟಿ, ಬೆಣ್ಣೆ, ಪುಂಡಿ ಪಲ್ಯ. ಆ ಹುಳಿ ನಾಲಗೆಗೆ ತಾಗಿದ್ದೇ ತಡ, ನಾನು ಮಾತು ಬಿಟ್ಟು ತಿನ್ನತೊಡಗಿದೆ. ಮೂರನೆಯ ರೊಟ್ಟಿ ಮುಗಿಸಿ ತಟ್ಟೆ ಒರೆಸುತ್ತ, "ಇವತ್ತಿನ ಪುಂಡಿ ಒಳ್ಳೆ ಅಂಗಡೀದು ಕಣೇ, ಅಲ್ಲೇ ತಗೋ ಇನ್ನುಮೇಲೆ" ಎಂದೆ.

"ಅಂಗಡೀದ ಅಲ್ರಿ. ಅದ ಕರವಸ್ತ್ರದ ಬೀಜ. ರಝಿಯಾನ ಬಾಲ್ಕನ್ಯಾಗ ನಾಕ ಗಿಡ ಎದಿಮಟ ಬೆಳದಾವು."

ಕೈ ತಟ್ಟೆಯಲ್ಲೇ ನಿಂತಿತು. ಎದೆ ಡವಡವ ಎಂದಿತು. ಕಿವಿ ಬಿಸಿಯಾಯಿತು, ಗಂಟಲು ಆರಿತು, ನಗಬೇಕೆನ್ನಿಸಿತು, ಅಳಬೇಕೆನ್ನಿಸಿತು. ಎದುರಿಗೆ ಕೂತವರೆಲ್ಲ ಮಸುಕಾಗಿ ಕಂಡರು. (ಕನ್ನಡಕ ತೆಗೆದಿಟ್ಟು ಊಟಕ್ಕೆ ಕೂತಿದ್ದೆ ಎಂಬುದು ಆಮೇಲೆ ನೆನಪಾಯಿತು.) "ಹಿತಾ, ಬಾಗಿಲ ಚಿಲಕ ಹಾಕು ಪುಟ್ಟಿ. ಏರಿಬಿಟ್ಟಿದೆ ನಂಗೆ" ಎಂದೆ.

"ಏನು ಏರಿದ್ದು ಅಪ್ಪಾ?"

ಎಲ್ಲವನ್ನೂ ಹೇಳಿಬಿಟ್ಟೆ. ಆ್ಯಪ್, ಬಕೆಟ್, ಬೆಳಗಿನ ಜಲಾಭಿಷೇಕ, ಗಿಡ ಕೊಲ್ಲುವ ಸಂಚು, ಒಂದನ್ನೂ ಬಿಡದೆ. ಮುಗಿಸಿದಾಗ ಹಿತಾ ಮೇಜಿಗೆ ಹಣೆಯಿಟ್ಟು ನಗುತ್ತಿದ್ದಳು. "ಅಪ್ಪಾ, ಇಟ್ಸ್ ಜಸ್ಟ್ ಗೋಂಗೂರ. ಎಲೆ ಸೇಮ್ ಟು ಸೇಮ್ ಕಾಣತ್ತೆ, ಅಷ್ಟೇ. ನೋಡು" ಎಂದು ಫೋನಿನಲ್ಲಿ ಎರಡೂ ಗಿಡಗಳ ಚಿತ್ರ ಪಕ್ಕಪಕ್ಕ ತೋರಿಸಿದಳು. ಎಲೆಯೇನೋ ಅವಳಿಜವಳಿ. ಆದರೆ ಪುಂಡಿಗೆ ದಾಸವಾಳದಂಥ ಹೂವು.

ರಝಿಯಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಲ್ಲ ಮಾರಾಯ್ರೇ, ನಾನು ಹೋದ ವಾರ ಇದಕ್ಕೇ ಒಣ ಸಿಗಡಿ ಹಾಕಿ ಮಾಡಿ ನಮ್ಮ ಮನೆಯವರಿಗೆ ಬಡಿಸಿದ್ದೇನೆ. ಅವರು ಚಂದ ನಿದ್ದೆ ಮಾಡಿದ್ರು, ಅಷ್ಟೇ."

ಇಂದ್ರಾಣಿ ಮಾತ್ರ ನಗಲಿಲ್ಲ.

"ಅಂದರ ನೀವು ನೀರ ಹಾಕಿದ್ದು ಅದನ್ನ ಸಾಯಸಾಕ?"

ನಾನು ತಲೆ ತಗ್ಗಿಸಿದೆ. "ನಿನಗೆ ಗೊತ್ತಿತ್ತಾ ನಾನು ಹಾಕ್ತಿದ್ದದ್ದು?"

"ಬಕೆಟ್ ಖಾಲಿ ಇರತಿತ್ತಲ್ರಿ. ನೀವು ಆಫೀಸಿಗೆ ಹೋದ ಮ್ಯಾಲೆ ಕುಂಡ ಬಗ್ಗಿಸಿ ನೀರೆಲ್ಲಾ ಮತ್ತ ಬಕೆಟ್ಟಿಗೆ ಇಳಿಸ್ತಿದ್ದೆ. ಬುಡಕ್ಕ ತೂತ ಮಾಡಿ, ಇಟ್ಟಿಗಿ ಮ್ಯಾಲೆ ಇಟ್ಟೆ."

ನಾನು ಹಾಕಿದ ನೀರನ್ನು ಅವಳು ತೆಗೆಯುವುದು, ಅದೇ ನೀರನ್ನು ಮರುದಿನ ನಾನು ಹಾಕುವುದು. ಇದೇ ಇಷ್ಟು ದಿನ ನಮ್ಮ ಮನೆಯಲ್ಲಿ ನಡೆದ ವ್ಯವಹಾರ.

"ಗೊತ್ತಿದ್ದೂ ಬೇಡ ಅಂತ ಯಾಕೆ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಮದುವಿ ಆದಾಗಿಂದ ಒಂದ ಗಿಡಕ್ಕ ನೀವು ನೀರ ಹಾಕಿದವರಲ್ಲ. ನನ್ನ ಗಿಡ ಸಾಯತೈತಿ ಅಂತ ನನಗಿಂತ ಮೊದಲ ಎದ್ದು, ಕದ್ದು ಹಾಕಾಕತ್ತಾರ ಅನ್ಕೊಂಡೆ. ಗಿಡ ಹೋದ್ರ ಹೋಗ್ಲಿ, ಇವರಿಗೆ ಬ್ಯಾಡ ಅನ್ನಬಾರದು ಅಂತ ಸುಮ್ಮನಿದ್ದೆ."

"ನಿನ್ನನ್ನ ಹಿಡ್ಕೊಂಡು ಹೋದ್ರೆ ನಾನೇನು ಮಾಡ್ಲಿ ಅಂತ ಹೆದರಿಕೆಯಾಗೋಯ್ತು ಕಣೇ" ಎಂದೆ.

ಇಂದ್ರಾಣಿ ಏನೋ ನೆನಪಾದವಳಂತೆ ತಲೆಯೆತ್ತಿದಳು. "ಅವತ್ತು ಎಸಿಯವನ ಮುಂದ ನಂದು, ಹೆಂಡತೀದಲ್ಲ ಅಂದಿರಲ್ಲ. ಗಿಡದ ಮ್ಯಾಲಿನ ಪ್ರೀತಿಗೆ ಅಂದೀರಿ ಅನ್ಕೊಂಡಿದ್ದೆ. ಅದು ಇದಕ್ಕ?"

"ಮತ್ತೇನು. ನೀನು ಹೋಗಬಾರದಲ್ಲ."

"ಹುಚ್ಚ ಮನಷ್ಯಾ" ಎಂದು ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ಅದರ ಮೇಲೆ ಕೇಳದೆಯೇ ಬೆಣ್ಣೆ ಇಟ್ಟಳು. "ಜೈಲಿನ್ಯಾಗ ನಿಮಗ ಬೆನ್ನಿಗೆ ಎಣ್ಣಿ ಯಾರ ಹಚ್ಚತಿದ್ರು?"

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಗೆದ್ದೆನೆಂದೇ ಹೇಳಬಹುದಿತ್ತು. ಮರುದಿನ ಬಾಲ್ಕನಿಗೆ ಹೋಗಿ ನೋಡಿದರೆ, ಬೋರಲು ಬಿದ್ದಿದ್ದ ಕುಂಡಗಳೆಲ್ಲ ಎದ್ದು ಕೂತಿದ್ದವು. ಎಲ್ಲದರಲ್ಲೂ ಹೊಸ ಮಣ್ಣು, ಹೊಸ ಬೀಜ. ನೀರಿನ ಉಸ್ತುವಾರಿ ಪೂರ್ತಿ ನನ್ನದು. ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರೆ ಮಾತ್ರ ಹಾಕಬೇಕು, ಹಾಕದ ದಿನವೂ ವರದಿ ಕೊಡಬೇಕು.

ಮೊನ್ನೆ ಪೈಪ್ ನೋಡಲು ಅದೇ ಮನುಷ್ಯ ಬಂದ. ನಮ್ಮ ಪುಂಡಿ ಈಗ ನನ್ನೆತ್ತರ, ಮೈತುಂಬ ನಸುಹಳದಿ ಹೂವು. ಅವನು ಕುಂಡಗಳ ಸಾಲನ್ನು ನೋಡಿ, "ಯೇ ಸಬ್ ಕಿಸ್ಕಾ ಹೈ?" ಎಂದ. ಹೆಮ್ಮೆಯಿಂದ, "ಬೀವಿ ಕಾ" ಎಂದೆ.

ಅಡುಗೆಮನೆಯಿಂದ ಇಂದ್ರಾಣಿಯ ದನಿ ಬಂತು: "ಮೇರಾ ನಹೀ ಭಾಯ್. ಸಬ್ ಸಾಬ್ ಕಾ ಹೈ. ಏನ್ರೀ, ಬೆರಳಿಟ್ಟ ನೋಡಿದ್ರೇನು?"