ಡೀಸೆಲ್ ಕಾರಿನಲ್ಲಿ ನಾವಿಬ್ಬರೇ

ಕೆಲವರು ಹೋದಲ್ಲೆಲ್ಲ ಮಳೆ ಬರುತ್ತದಂತೆ. ನಾನು ಹೋದಲ್ಲೆಲ್ಲ ನೆಂಟರು ಬರುತ್ತಾರೆ. ಇದು ನನ್ನ ಜಾತಕದಲ್ಲೇ ಇರುವ ದೋಷ. ಆದರೂ ತೊಂಬತ್ತರ ದಶಕದ ಕೊನೆಯಲ್ಲಿ ಮೂರು ದಿನ ಬಾಡಿಗೆ ಕಾರು ಇಟ್ಟುಕೊಂಡಾಗ ಬಂದಷ್ಟು ನೆಂಟರು ನಮ್ಮ ಮದುವೆಗೂ ಬಂದಿರಲಿಲ್ಲ.

ಆಗ ನಾನು ದಿಂಡಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದಾಗ ಎರಡೂ. ಒಂದು ದಿನ ನನ್ನ ಹೆಂಡತಿ ಸೊಪ್ಪು ಬಿಡಿಸುತ್ತ ಹೇಳಿದಳು: "ಬಸ್ಸಲ್ಲಿ ಹೋದ್ರೆ ನಾನು ಹೆಂಗಸರ ಸೀಟು, ನೀವು ಹಿಂದೆ ಎಲ್ಲೋ. ಮದ್ವೆ ಆಗಿ ಹದಿನೈದು ವರ್ಸ ಆತು, ಒಂದ್ ದಾರೀನೂ ಪಕ್ಕಪಕ್ಕ ಕೂತು ಹೋಗಿಲ್ಲ. ಸುರುಳಿ ಜಲಪಾತಕ್ಕೆ ಒಂದ್ ಸಲ ನಾವಿಬ್ಬರೇ ಹೋಗಿ ಬರೋಣ."

ನೆನೆಸಿಕೊಂಡು ನೋಡಿದೆ. ಅವಳು ಹೇಳಿದ್ದು ನಿಜ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಟ್ರಾವೆಲ್ಸ್ ಇಟ್ಟಿದ್ದ ಒಬ್ಬರ ಮಗ ನನ್ನ ಹತ್ತಿರ ಪಾಠ ಹೇಳಿಸಿಕೊಂಡು ಹೇಗೋ ಲೆಕ್ಕದಲ್ಲಿ ಪಾಸಾಗಿದ್ದ. ಆ ಋಣಕ್ಕೆ ಅವರು ಡ್ರೈವರ್ ಇಲ್ಲದೆ ಬರೀ ಕಾರನ್ನು ಬಾಡಿಗೆಗೆ ಕೊಟ್ಟರು. ಆಗಷ್ಟೇ ರಸ್ತೆಗೆ ಬಂದಿದ್ದ ಪುಟ್ಟ ಡೀಸೆಲ್ ಕಾರು. ಹಿಂದಿನ ಬಾಗಿಲು ಗಾಜಿನ ಸಮೇತ ಮೇಲೆದ್ದು ನಿಲ್ಲುತ್ತಿತ್ತು. ಲೈಸೆನ್ಸ್ ನನ್ನದು, ಧೈರ್ಯ ಹೆಂಡತಿಯದು. ಹೊರಟೆವು.

೧. ಒಂದು ಮೊಳ ಮಲ್ಲಿಗೆ

ನಿಲಕ್ಕೋಟ್ಟೈ ದಾಟುವಾಗ ಅವಳಿಗೆ ಒಂದು ಮೊಳ ಮಲ್ಲಿಗೆ ಕೊಡಿಸೋಣವೆಂದು ಹೂವಿನ ಅಂಗಡಿ ಮುಂದೆ ನಿಲ್ಲಿಸಿದೆ. ಹೂವು ಅಳೆಯುತ್ತಿದ್ದ ವ್ಯಾಪಾರಿ ಕಾರಿನ ಗಡಗಡ ಕೇಳಿ ಕಿವಿ ನಿಮಿರಿಸಿದ.

"ಡೀಸೆಲ್ ಬಂಡಿಯಾ ಸಾರ್?" ಎಂದು ತಮಿಳಿನಲ್ಲಿ ಕೇಳಿದ.

"ಹೌದು" ಅಂದೆ, ಸ್ವಲ್ಪ ಜಂಬದಿಂದಲೇ.

ಅದೇ ತಪ್ಪಾಯಿತು. ಆ ಕಾಲಕ್ಕೆ ಡೀಸೆಲ್ ಅಂದರೆ ಲಾರಿ, ಟ್ರ್ಯಾಕ್ಟರ್, ಬಾವಿಯ ಪಂಪ್‌ಸೆಟ್. ಡೀಸೆಲ್ ಕುಡಿದದ್ದು ಹೊರೆ ಹೊರಲೇಬೇಕು ಎನ್ನುವುದು ಆ ಸೀಮೆಯ ನ್ಯಾಯ. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಹಿಂದಿನ ಬಾಗಿಲು ಮೇಲೆದ್ದು, ಎರಡು ಮೂಟೆ ಮಲ್ಲಿಗೆ ಒಳಗೆ ಕೂತಿತ್ತು. ತೇನಿಯ ಮದುವೆ ಮನೆಗಂತೆ, ಬಸ್ಸು ತಪ್ಪಿತಂತೆ. ಮೂಟೆಗಳ ಕಾವಲಿಗೆ ಆತನ ತಾಯಿಯೂ ಹತ್ತಿದರು.

ದಾರಿಯುದ್ದಕ್ಕೂ ಆ ಅಜ್ಜಿ ನಮ್ಮಿಬ್ಬರ ಮಧ್ಯೆ ತಲೆ ತೂರಿಸಿಕೊಂಡೇ ಇದ್ದರು. ತೇನಿಯಲ್ಲಿ ಇಳಿಯುವಾಗ ನನ್ನ ಹೆಂಡತಿಯನ್ನು ಕೇಳಿದರು: "ನಿನ್ನ ಡ್ರೈವರ್ ಒಳ್ಳೆಯವನೇ, ಆದರೆ ಬಹಳ ನಿಧಾನ. ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದೀಯಮ್ಮ?"

"ಹದಿನೈದು ವರ್ಷದಿಂದ" ಅಂದಳು ನನ್ನ ಹೆಂಡತಿ.

೨. ಲಾರಿಯ ಮರಿ

ತೇನಿಯ ಬಂಕಿನಲ್ಲಿ ಡೀಸೆಲ್ ಹಾಕು ಅಂದರೆ ಬಂಕಿನವನು ಒಪ್ಪಲೇ ಇಲ್ಲ. "ಇಷ್ಟು ಚಿಕ್ಕ ಕಾರಿಗೆ ಡೀಸೆಲ್ ಹಾಕಿದರೆ ಇಂಜಿನ್ ಹೋಗುತ್ತೆ ಸಾರ್. ಇಂಜಿನ್ ಜತೆ ನನ್ನ ಕೆಲಸವೂ ಹೋಗುತ್ತೆ." ಟ್ಯಾಂಕಿನ ಮುಚ್ಚಳದ ಮೇಲೆ ಬರೆದದ್ದನ್ನು ತೋರಿಸಿದೆ. "ಬರೆಯೋರು ಏನು ಬೇಕಾದರೂ ಬರೀತಾರೆ" ಅಂದ. ಮೇಷ್ಟ್ರ ಮುಂದೆ ಆಡುವ ಮಾತೇ ಇದು? ನನಗೂ ಸಿಟ್ಟು ಬಂತು.

ಜನ ಸೇರಿದರು. ಊರಿನಲ್ಲಿ ಬೇರೆ ಕೆಲಸವೇ ಇಲ್ಲವೇನೋ ಎಂಬಂತೆ ಪೆಟ್ರೋಲ್ ಪಕ್ಷ, ಡೀಸೆಲ್ ಪಕ್ಷ ಎಂದು ಎರಡಾದರು. ಕೊನೆಗೆ ಒಬ್ಬ ಲಾರಿ ಡ್ರೈವರ್ ಬೀಡಿ ಆರಿಸಿ ಮುಂದೆ ಬಂದು, "ಸ್ಟಾರ್ಟ್ ಮಾಡಿ" ಅಂದ. ಮಾಡಿದೆ. ತಲೆ ಓರೆ ಮಾಡಿ ಕೇಳಿ, "ನಮ್ಮ ಲಾರಿಯ ಮರಿಯೇ. ಹಾಕು" ಎಂದು ತೀರ್ಪು ಕೊಟ್ಟ.

ಗೆದ್ದ ಸಂತೋಷದಲ್ಲಿ ತಿರುಗಿ ನೋಡಿದರೆ ಹಿಂದಿನ ಸೀಟು ಭರ್ತಿ! ಎದುರಿನ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನ ಹೆಂಡತಿಯ ಚಿಕ್ಕಮ್ಮ, ನಮ್ಮ ಕಡೆಯ ಬಾಯಲ್ಲಿ ಚಿತ್ತಿ, ಮೂರು ಚೀಲ ಮತ್ತು ಒಂದು ಜೀವಂತ ಕೋಳಿಯ ಸಮೇತ ಕೂತಿದ್ದರು.

"ನೀವು ಜಗಳ ಮುಗ್ಸಿಕೊಂಡೇ ಬನ್ನಿ ಮಾಪ್ಳೆ" ಅಂದರು; ಅಳಿಯನನ್ನು ಅಲ್ಲಿ ಕರೆಯುವುದೇ ಹಾಗೆ. "ನಮಗೇನ್ ಅವಸರ ಇಲ್ಲ."

೩. ಬಿಡಿಸುವವರು

ಚಿತ್ತಿಯನ್ನು ಹನುಮಂತನಪಟ್ಟಿಯಲ್ಲಿ ಇಳಿಸಿದ ಮೇಲೆ ಊಟವಿಲ್ಲದೆ ಬಿಡುತ್ತಾರೆಯೇ? ಊಟಕ್ಕೆಂದು ನಿಂತವರು ಎರಡು ದಿನ ನಿಂತೆವು. ಚಿತ್ತಿಯ ಗಂಡ, ಚಿತ್ತಪ್ಪ, ದ್ರಾಕ್ಷಿ ಬೆಳೆಯುವವರು. ಬಾವಿಯ ಡೀಸೆಲ್ ಮೋಟಾರನ್ನು ತಾವೇ ಬಿಚ್ಚಿ ಜೋಡಿಸುವವರು. ಬಾನೆಟ್ ಮೇಲೆ ಅಂಗೈ ಇಟ್ಟು ನಾಡಿ ನೋಡಿ, "ಒಳ್ಳೆ ಮೋಟಾರು ಮಾಪ್ಳೆ. ಎರಡೆಕರೆಗೆ ನೀರು ಹಾಯ್ಸುತ್ತೆ" ಅಂದರು. ಅಷ್ಟಕ್ಕೆ ಬಿಡದೆ ದ್ರಾಕ್ಷಿ ಬುಟ್ಟಿಗಳನ್ನೂ ಅದರಲ್ಲೇ ಸಾಗಿಸಿದರು.

ಮೂರನೆಯ ದಿನ ಬೆಳಿಗ್ಗೆ ಧೈರ್ಯ ಮಾಡಿ ಹೇಳಿದೆ: "ನಾವಿಬ್ಬರೇ ಸುರುಳಿಗೆ ಹೋಗಿ ಬರ್ತೀವಿ. ಸಂಜೆಗೆ ಕಾರು ದಿಂಡಿಗಲ್ ಸೇರಬೇಕು."

ಚಿತ್ತಿ ನನ್ನ ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ಏನಾತು ತಾಯಿ? ಮಾಪ್ಳೆ ಕುಡೀತಾರಾ?" ಎಂಬ ಪಿಸುಮಾತು ಬೀದಿಗೇ ಕೇಳಿಸಿತು. ಚಿತ್ತಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟರು. "ಗಂಡ ಹೆಂಡ್ತಿ ಇಬ್ಬರೇ ಹೋಗಬಾರ್ದು ಮಾಪ್ಳೆ. ದಾರೀಲಿ ಜಗಳ ಆದ್ರೆ ಬಿಡ್ಸಕ್ಕೆ ಯಾರಿದಾರೆ?"

ಹತ್ತೇ ನಿಮಿಷದಲ್ಲಿ ಜಗಳ ಬಿಡಿಸುವವರು ಆರು ಜನ ತಲೆ ಬಾಚಿಕೊಂಡು, ಪೌಡರ್ ಹಚ್ಚಿಕೊಂಡು ಕಾರು ತುಂಬಿದರು. ನನ್ನ ಹೆಂಡತಿ ಮುಂದಿನ ಸೀಟಿನಲ್ಲೇ ಇದ್ದಳು ನಿಜ, ಆದರೆ ಅವಳ ಮಡಿಲಲ್ಲಿ ದೊಡ್ಡ ಟಿಫಿನ್ ಕ್ಯಾರಿಯರ್, ಅವಳಿಗೂ ನನಗೂ ನಡುವೆ ಚಿತ್ತಪ್ಪನ ಮೊಣಕೈ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅಲ್ಲಿಯವರೆಗೆ ಜಗಳವೇ ಇರಲಿಲ್ಲ. ಕಿಟಕಿ ಪಕ್ಕ ಯಾರು ಕೂರಬೇಕು ಎಂದು ಬಿಡಿಸುವವರಲ್ಲೇ ಶುರುವಾಯಿತು.

೪. ನಿಲ್ಲಿಸಬಾರದು

ಉತ್ತಮಪಾಳಯಂನಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಚಿತ್ತಪ್ಪನಿಗೆ ಟೀ ಅಂಗಡಿಯವರು ಹಳೆಯ ಸ್ನೇಹಿತರು. ಮಟಮಟ ಮಧ್ಯಾಹ್ನ ಅವರಿಗೆ ಕಾರಿನ ಹೆಡ್‌ಲೈಟು, ವೈಪರು, ಹಾರನ್ನು ಎಲ್ಲ ತೋರಿಸಿ, ಟೇಪಿನಲ್ಲಿ ಹಾಡು ಹಾಕಿ, ಮುಕ್ಕಾಲು ಗಂಟೆ ಮೆರೆಸಿದರು. ಹೊರಡೋಣವೆಂದು ಕೀಲಿ ತಿರುಗಿಸಿದರೆ ಟಕ್ ಅಂದದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬ್ಯಾಟರಿ ಮಲಗಿತ್ತು. ನಮ್ಮ ಸುರುಳಿಯ ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಚಿತ್ತಪ್ಪ ಪಂಚೆ ಎತ್ತಿ ಕಟ್ಟಿದರು. "ಎಲ್ಲ ಇಳೀರಿ, ತಳ್ಳಣ. ಮಾಪ್ಳೆ, ಒಂದ್ ಸಲ ಹತ್ಕೊಂಡ್ರೆ ಏನಾದ್ರೂ ನಿಲ್ಲಿಸಬಾರ್ದು. ನಿಂತ್ರೆ ಹೋತು!"

ಎಲ್ಲರೂ ಇಳಿದರು. ನನ್ನ ಹೆಂಡತಿಯೂ ಇಳಿಯಹೊರಟಾಗ ಚಿತ್ತಿ, "ನೀ ಕೂತ್ಕೊ, ಸಾಂಬಾರು ಚೆಲ್ಲುತ್ತೆ" ಎಂದು ತಡೆದರು.

ಆರು ಜನ ತಳ್ಳಿದರು. ಕಾರು ಎರಡು ಸಲ ಕೆಮ್ಮಿ ಗಡಗಡ ಎಂದು ಹತ್ತಿಕೊಂಡು ಮುನ್ನುಗ್ಗಿತು. ಕನ್ನಡಿಯಲ್ಲಿ ಚಿತ್ತಪ್ಪ ಕೈ ಬೀಸುತ್ತ ಓಡಿ ಬರುತ್ತಿದ್ದರು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ.

"ಚಿತ್ತಪ್ಪ ಹೇಳಿದ್ದು ಕೇಳಿಸ್ಲಿಲ್ವಾ?" ಅಂದಳು ನನ್ನ ಹೆಂಡತಿ, ಮುಂದೆ ನೋಡುತ್ತಲೇ. "ನಿಲ್ಲಿಸಬಾರ್ದು."

ಕಾಲು ತೆಗೆದೆ. ಗದ್ದೆ ಬಂತು, ಬಾಳೆತೋಟ ಬಂತು, ಕಂಬಂ ಊರೂ ದಾಟಿತು. ಹದಿನೈದು ವರ್ಷದಲ್ಲಿ ಮೊದಲ ಸಲ ನಾವಿಬ್ಬರೇ ಪಕ್ಕಪಕ್ಕ ಕೂತು ಬೆಟ್ಟದ ಬುಡದವರೆಗೆ ಹೋದೆವು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಜಲಪಾತದ ಹತ್ತಿರ ಕಲ್ಲಿನ ಮೇಲೆ ಕೂತು ಸಾಂಬಾರನ್ನ ಉಂಡೆವು. ಪರಮಸುಖ.

ಒಂದು ಗಂಟೆ ಕಳೆದ ಮೇಲೆ ಬಸ್ಸು ಬಂತು. ಆರೂ ಜನ ಇಳಿದರು. ಬೈಗುಳ ತಿನ್ನಲು ತಯಾರಾಗಿ ಎದ್ದು ನಿಂತೆ. ಚಿತ್ತಪ್ಪ ನನ್ನ ಮುಖವನ್ನೂ ನೋಡದೆ ನೇರ ಕಾರಿನ ಹತ್ತಿರ ಹೋಗಿ ಬಾನೆಟ್ ಮುಟ್ಟಿದರು.

"ಏನ್ ಮಾಪ್ಳೆ, ನಿಲ್ಲಿಸಿಬಿಟ್ರಾ? ಅಯ್ಯೋ, ಮತ್ತೆ ತಳ್ಳಬೇಕಲ್ಲ!"

ಎಲ್ಲರೂ ಮತ್ತೆ ಪಂಚೆ, ಸೀರೆ ಎತ್ತಿ ಕಟ್ಟಿ ಕಾರಿನ ಹಿಂದೆ ಸಾಲಾಗಿ ನಿಂತರು. ನನ್ನ ಹೆಂಡತಿ ಖಾಲಿ ಟಿಫಿನ್ ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.