ಕಬ್ಬಿಣದ ಕಂಬದ ಮೇಲೆ ಅರ್ಜುನ

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಆದರೆ ಬೆಟ್ಟದ ಮೇಲಿನ ನಮ್ಮ ಈ ಸಣ್ಣ ಪೇಟೆಯಲ್ಲಿ ಯಾವ ಬೀದಿಗೆ ಬೇಕಾದರೂ ಹೋಗಿ ನೋಡಿ, ಎರಡು ಮನೆಗೆ ಒಂದು ಗೇಟು ನನ್ನ ಕೈಯಲ್ಲಿ ವೆಲ್ಡಿಂಗ್ ಆದದ್ದು. ಮೂವತ್ತು ವರ್ಷದಲ್ಲಿ ನಾನು ಹಾಕಿದ ಒಂದು ಬೆಸುಗೆಯೂ ಬಿಟ್ಟಿಲ್ಲ. ಹಾಗಾಗಿ ಹೋದ ವರ್ಷ ಭಾರತದ ಕೂತಿನ ಸಭೆಯಲ್ಲಿ ಎದ್ದು ನಿಂತಾಗ ನನಗೆ ಯಾವ ಅನುಮಾನವೂ ಇರಲಿಲ್ಲ. ಇರಬೇಕಾಗಿತ್ತು.

ಭಾರತದ ಕೂತು ಅಂದರೆ ಬೇಸಿಗೆಯಲ್ಲಿ ಹದಿನೆಂಟು ದಿನ ನಡೆಯುವ ಮಹಾಭಾರತದ ಬಯಲಾಟ. ನಮ್ಮದು ಮೂರು ರಾಜ್ಯ ಸೇರುವ ಗಡಿ, ಸೂಳಗಿರಿ ಕಡೆಯಿಂದ ಮೇಳ ಬರುತ್ತದೆ. ಹಾಡು ತಮಿಳಿನಲ್ಲಿ, ತಮಾಷೆ ತೆಲುಗಿನಲ್ಲಿ, ನೋಡುವವರ ಜಗಳ ಕನ್ನಡದಲ್ಲಿ. ಅದರಲ್ಲಿ ಅರ್ಜುನನ ತಪಸ್ಸು ಮಾತ್ರ ನಡುಮಧ್ಯಾಹ್ನ. ಮೈದಾನದಲ್ಲಿ ಎತ್ತರದ ಮರದ ಕಂಬ ನೆಡುತ್ತಾರೆ. ಅರ್ಜುನನ ವೇಷದವನು ಬರಿಗಾಲಲ್ಲಿ, ಮೆಟ್ಟಿಲಿಗೊಂದು ಪದ ಹಾಡುತ್ತಾ ಹತ್ತಿ, ತುದಿಯಲ್ಲಿ ಕೂತು ತಪಸ್ಸು ಮಾಡಿ, ಕೊನೆಗೆ ಒಂದೇ ಒಂದು ಬಾಳೆಹಣ್ಣು ಕೆಳಗೆ ಎಸೆಯುತ್ತಾನೆ. ಮಕ್ಕಳಾಗದ ಹೆಣ್ಣುಮಕ್ಕಳು ಸೆರಗೊಡ್ಡಿ ನಿಂತಿರುತ್ತಾರೆ. ಹಣ್ಣು ಯಾರ ಮಡಿಲಿಗೆ ಬೀಳುತ್ತದೋ ಅವರ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ ಅನ್ನುವುದು ನಂಬಿಕೆ.

ನನ್ನ ಮಗಳು ಮಂಜುಳಾಗೆ ಮದುವೆಯಾಗಿ ಏಳು ವರ್ಷ. ಅಳಿಯನಿಗೆ ಫ್ಯಾಕ್ಟರಿ ಕೆಲಸ, ಹೊಸೂರಿನ ಆಲಸನತ್ತದಲ್ಲಿ ಮನೆ. ತೋರಿಸದ ಆಸ್ಪತ್ರೆ ಇಲ್ಲ. ಅವಳು ಫೋನ್ ಮಾಡಿ, "ಅಪ್ಪಾ, ಈ ಸಲ ನಾನೂ ಸೆರಗೊಡ್ಡಿ ನಿಂತ್ಕತೀನಿ" ಅಂದಳು. ಚಿಕ್ಕವಳಿದ್ದಾಗಿಂದ ನನ್ನನ್ನು ಒಂದು ಬಳೆಯನ್ನೂ ಬಾಯಿಬಿಟ್ಟು ಕೇಳಿದವಳಲ್ಲ.

ಹಿಂದಿನ ವರ್ಷ ಮರದ ಕಂಬ ಅಲುಗಾಡಿ, ಅರ್ಜುನ ಹೆದರಿ, ಹಣ್ಣು ಶಾಮಿಯಾನದ ಮೇಲೆ ಬಿದ್ದು ಅಲ್ಲೇ ಕೊಳೆತಿತ್ತು. ಅಂಥ ಕಂಬವನ್ನು ನಂಬಿ ನನ್ನ ಮಗಳ ಹಣ್ಣನ್ನು ಬಿಡುವುದುಂಟೆ?

"ಈ ಸಲ ಕಬ್ಬಿಣದ ಕಂಬ. ನಾನೇ ಮಾಡ್ಕೊಡ್ತೀನಿ. ಐವತ್ತು ವರ್ಷ ಗ್ಯಾರಂಟಿ" ಎಂದು ಸಭೆಯಲ್ಲಿ ಘೋಷಿಸಿದೆ.

ಊರ ಗೌಡರು ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, "ನೋಡ್ಲಾ ತಿಮ್ರಾಯ, ಏನಾದ್ರೂ ಎಡವಟ್ಟಾದ್ರೆ ನೀನೇ ಜವಾಬ್ದಾರಿ ಕಣ್ಲಾ" ಅಂದರು.

"ಆಯ್ತು ಗೌಡ್ರೇ."

ಇದಕ್ಕೆ ಇಡೀ ಊರು ಸಾಕ್ಷಿ.

ಮನೆಗೆ ಬಂದು ಹೇಳಿದರೆ ಹೆಂಡತಿ ಸಾಕಮ್ಮ ಮುದ್ದೆ ತಿರುವುವುದನ್ನು ನಿಲ್ಲಿಸಲಿಲ್ಲ. "ನಮ್ ತಾತನ ಕಾಲ್ದಿಂದ್ಲೂ ಮರದ ಕಂಬಾನೇ. ಅವ್ರಿಗ್ಯಾರ್ಗೂ ಕಬ್ಬಿಣ ಸಿಕ್ಕಿರ್ಲಿಲ್ವಾ?"

"ಅವ್ರಿಗೆ ವೆಲ್ಡಿಂಗ್ ಗೊತ್ತಿರ್ಲಿಲ್ಲ."

"ಬುದ್ದಿ ಇತ್ತು" ಅಂದಳು.

ಹೊಸೂರಿಗೆ ಹೋಗಿ ಒಳ್ಳೆಯ ಪೈಪು ತಂದೆ. ಮೂವತ್ತಡಿ ಎತ್ತರ. ಮೆಟ್ಟಿಲಿಗೆ ಕಂಬಿ ಬೆಸೆದೆ. ತುದಿಯಲ್ಲಿ ಅರ್ಜುನ ಕೂರುವುದಕ್ಕೆ ಮೊದಲೆಲ್ಲ ಹಲಗೆ ಹಾಕುತ್ತಿದ್ದರು. ನಾನು ದಪ್ಪ ಕಬ್ಬಿಣದ ಶೀಟನ್ನೇ ಹಾಕಿದೆ. ತುಕ್ಕು ಹಿಡಿಯದಿರಲೆಂದು ಎರಡು ಕೋಟು ಬಣ್ಣ ಹೊಡೆದೆ. ಕಪ್ಪು ಬಣ್ಣ. ಗಾಂಭೀರ್ಯ ಇರಲಿ ಅಂತ.

ಕಂಬ ನಿಲ್ಲಿಸಿದ ದಿನ ನಾಲ್ಕು ಜನ ಜೋತುಬಿದ್ದು ಎಳೆದರೂ ಅದು ಅಲುಗಲಿಲ್ಲ. ನಾನು ಊರ ತುಂಬ ಎದೆಯುಬ್ಬಿಸಿಕೊಂಡು ಓಡಾಡಿದೆ. ಆಗ ಇದ್ದದ್ದು ಬೆಟ್ಟದ ತಂಪು ಬೆಳಗು ಎಂಬುದು ನನ್ನ ಗಮನಕ್ಕೆ ಬರಲಿಲ್ಲ.

ತಪಸ್ಸಿನ ದಿನ ಮಧ್ಯಾಹ್ನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಜುಳ ಹಸಿರು ಸೀರೆಯುಟ್ಟು ಮುಂದಿನ ಸಾಲಿನಲ್ಲಿ ನಿಂತಿದ್ದಳು. ಅರ್ಜುನನ ವೇಷದ ಮುನಿರತ್ನಂ ಬೆಳಗ್ಗಿನಿಂದ ಉಪವಾಸವಿದ್ದು, ಕೈಗೆ ಕಂಕಣ ಕಟ್ಟಿಸಿಕೊಂಡು, ಕಿರೀಟ ಮಿನುಗಿಸುತ್ತಾ ಬಂದ. ಕಂಬಕ್ಕೆ ಕೈಮುಗಿದ. ಮೊದಲ ಮೆಟ್ಟಿಲ ಮೇಲೆ ಬರಿಗಾಲಿಟ್ಟ.

ಮೊದಲ ಪದವನ್ನು ರಾಗವಾಗಿಯೇ ಎತ್ತಿಕೊಂಡ. ನಡುವೆ ಯಾಕೋ ರಾಗ ಮೇಲಕ್ಕೆ ಹೋಯಿತು. ಎರಡನೇ ಮೆಟ್ಟಿಲಲ್ಲಿ ಪದ ಬಸ್ಸು ಹಿಡಿಯುವವನ ಹಾಗೆ ಓಡಿತು. ಮೂರನೆಯದಕ್ಕೆ ಮೃದಂಗದವನು ಹಿಂದೆ ಬಿದ್ದ. ನಾಲ್ಕನೇ ಮೆಟ್ಟಿಲಲ್ಲಿ ಪದವೇ ಇರಲಿಲ್ಲ. "ಸುಡುದು, ಸುಡುದು" ಎಂಬ ಎರಡೇ ತಮಿಳು ಮಾತು. ಮರುಕ್ಷಣ ಪಾಂಡವರ ಮಧ್ಯಮನು ನೆಲದ ಮೇಲೆ ಕೂತು ಪಾದ ಊದಿಕೊಳ್ಳುತ್ತಿದ್ದ.

ನಾನು ತಕ್ಷಣ ಎರಡು ಬಿಂದಿಗೆ ನೀರು ಹೊಯ್ಯಿಸಿದೆ. ಕಂಬದಿಂದ ಹಬೆ ಎದ್ದಿತು. ಹಿಂದೆ ನಿಂತಿದ್ದ ಮುದುಕಿಯರು ಶಿವನೇ ಬಂದನೆಂದು ಕೈಮುಗಿದರು. ಮುನಿರತ್ನಂ ಮಾತ್ರ ಮೋಸಹೋಗಲಿಲ್ಲ.

"ಅಣ್ಣಾ, ಇದು ತಪಸ್ಸಿನ ಕಂಬ ಅಲ್ಲ, ದೋಸೆ ಕಲ್ಲು. ನಾನು ಹತ್ತಲ್ಲ."

"ಕಂಕಣ ಕಟ್ಟಿದ ಮೇಲೆ ತಪಸ್ಸು ನಿಲ್ಲಂಗಿಲ್ಲ" ಎಂದು ಗೌಡರು ಎದ್ದರು. ನನ್ನ ಕಡೆ ತಿರುಗಿದರು. "ಕಂಬ ಯಾರ್ದುಲಾ?"

"ನಂದು ಗೌಡ್ರೇ."

"ಹತ್ತು."

ಹತ್ತಲಾರೆ ಎನ್ನಲು ಬಾಯಿ ತೆರೆದೆ. ಮುಂದಿನ ಸಾಲಿನ ಹಸಿರು ಸೀರೆ ಕಣ್ಣಿಗೆ ಬಿತ್ತು. ಮಂಜುಳ ಒಡ್ಡಿದ ಸೆರಗನ್ನು ಮಡಚಿಕೊಳ್ಳುತ್ತಿದ್ದಳು, ನನಗೆ ಕಾಣಬಾರದೆಂದು ಪಕ್ಕಕ್ಕೆ ತಿರುಗಿ. ಬಾಯಿ ಮುಚ್ಚಿದೆ.

ಮುನಿರತ್ನಂನ ಕಂಕಣ, ಸೊಂಟದ ಹಣ್ಣಿನ ಚೀಲ ಎರಡನ್ನೂ ಬಿಚ್ಚಿ ನನಗೆ ಕಟ್ಟಿದರು. ಕಿರೀಟ ಇಟ್ಟರು, ಅದು ಕಿವಿಯವರೆಗೆ ಇಳಿಯಿತು. ಚಪ್ಪಲಿ ಹಾಕುವ ಹಾಗಿಲ್ಲವಾದ್ದರಿಂದ ಪಾದಕ್ಕೆ ಒದ್ದೆ ಗೋಣಿ ಸುತ್ತಿದರು. ಕೈಗೆ ನನ್ನದೇ ವೆಲ್ಡಿಂಗ್ ಗ್ಲೌಸು. ಮೇಲೆ ಕಿರೀಟ, ಕೆಳಗೆ ಗೋಣಿ, ನಡುವೆ ನಾಲ್ಕು ಮೊಳದ ಲುಂಗಿ. ಇಂಥ ಅರ್ಜುನನನ್ನು ನೋಡಿದ್ದರೆ ಕೌರವರು ಅವತ್ತೇ ನಕ್ಕು ರಾಜ್ಯ ಬಿಟ್ಟುಕೊಡುತ್ತಿದ್ದರು.

ನನಗೆ ಪದ ಬರುವುದಿಲ್ಲ. ಮುನಿರತ್ನಂ ನೆರಳಲ್ಲಿ ಕೂತು, ಬಕೆಟ್ಟಿನ ನೀರಲ್ಲಿ ಕಾಲಿಟ್ಟುಕೊಂಡು, ಮೈಕಿನಲ್ಲಿ ಹಾಡಿದ. ಈಗ ಅವನಿಗೆ ಯಾವ ಅವಸರವೂ ಇರಲಿಲ್ಲ. ಒಂದೊಂದು ಪದವನ್ನೂ ಎರಡೆರಡು ಸಲ ಎಳೆದ. ಪದ ಮುಗಿಯುವ ತನಕ ನಾನು ಮೆಟ್ಟಿಲು ಬಿಡುವ ಹಾಗಿಲ್ಲ. ಹತ್ತನೇ ಮೆಟ್ಟಿಲಿಗೆ ಗೋಣಿ ಒಣಗಿತು.

ತುದಿ ಮುಟ್ಟಿ ಕೂತೆ. ಕೂತಷ್ಟೇ ಬೇಗ ಎದ್ದೆ. ಶೀಟು ಹಾಕಿದ್ದವನು ನಾನೇ ಅಲ್ಲವೆ. ನಿಂತುಕೊಂಡೇ, ಒಂದು ಕಾಲು ಎತ್ತಿ, ಅದನ್ನು ಇಳಿಸಿ ಇನ್ನೊಂದು ಎತ್ತಿ, ಹೀಗೆ ಬದಲಾಯಿಸುತ್ತಾ ತಪಸ್ಸು ಮಾಡಿದೆ. ಕೆಳಗೆ ಯಾರೋ, "ಆಹಾ, ಏನ್ ಭಕ್ತಿ ನೋಡ್ರಪ್ಪ, ಕುಣೀತಾವ್ನೆ" ಅಂದದ್ದು ಕೇಳಿಸಿತು.

ಸೊಂಟದ ಚೀಲದಿಂದ ಬಾಳೆಹಣ್ಣು ತೆಗೆದೆ. ಕೆಳಗೆ ಮಂಜುಳ ಮತ್ತೆ ಸೆರಗೊಡ್ಡಿ ನಿಂತಿದ್ದಳು. ನೇರಕ್ಕೆ, ಮೂವತ್ತಡಿ ಕೆಳಗೆ. ಒಂದೇ ಏಟಿಗೆ ಮೊಳೆ ಹೊಡೆಯುವ ಕೈ ನನ್ನದು. ಗುರಿಯಿಟ್ಟು ಎಸೆದೆ. ಹಣ್ಣು ಗ್ಲೌಸಿಗೆ ಅಂಟಿಕೊಂಡು, ಯೋಚನೆ ಮಾಡಿ, ತಡವಾಗಿ ಬಿಟ್ಟುಕೊಂಡಿತು. ಹಸಿರು ಸೀರೆಯನ್ನು ದಾಟಿತು. ಸಾಲನ್ನೇ ದಾಟಿತು.

ಸಾಲಿನ ಹಿಂದೆ ನನ್ನ ಹೆಂಡತಿ, ನಾನೆಲ್ಲಿ ಬಿದ್ದುಬಿಡುತ್ತೇನೋ ಎಂಬ ಗಾಬರಿಯಲ್ಲಿ, ನನ್ನನ್ನು ಹಿಡಿಯಲು ಎರಡೂ ಕೈಯಲ್ಲಿ ಸೆರಗೊಡ್ಡಿ ನಿಂತಿದ್ದಳು. ಹಣ್ಣು ಅದರೊಳಗೆ ಬಿತ್ತು.

ಮೈದಾನದಲ್ಲಿ ಎದ್ದ ನಗು ಕಂಬವನ್ನೂ ಅಲುಗಾಡಿಸಿತು. ನಾಲ್ಕು ಜನ ಜೋತುಬಿದ್ದರೂ ಅಲುಗದಿದ್ದ ಕಂಬ!

"ಐವತ್ತೆರಡು ವರ್ಷದ ಹೆಂಗ್ಸು ನಾನು" ಎಂದು ಸಾಕಮ್ಮ ಮೇಲೆ ನೋಡಿ ಕೂಗಿದಳು. "ಇಳಿದು ಬಾ, ಮನೇಗೆ ಬಾ, ಐತೆ ನಿಂಗೆ."

ಮಂಜುಳ ನಗುತ್ತಿದ್ದಳು. ನಗುನಗುತ್ತಲೇ ಕಣ್ಣೊರೆಸಿಕೊಂಡಳು. ಸಾಕಮ್ಮ ಹೋಗಿ ಹಣ್ಣನ್ನು ಅವಳ ಸೆರಗಿಗೆ ಹಾಕಿದಳು.

ಗೌಡರು ತಡೆದರು. "ಹಂಗೆಲ್ಲ ಆಗಲ್ಲಮ್ಮ. ಯಾರ್ ಮಡ್ಲಿಗೆ ಬಿತ್ತೋ ಅವ್ರಿಗೇ."

"ನನ್ ಮಡ್ಲಿಗೆ ಮೊದ್ಲು ಬಿದ್ದವ್ಳೇ ಇವ್ಳು, ಗೌಡ್ರೇ" ಅಂದಳು ಸಾಕಮ್ಮ. "ನಂದೆಲ್ಲ ಇವ್ಳ್ದೇ."

ಗೌಡರು ಎಲೆಯಡಿಕೆ ಉಗುಳುವ ನೆವದಲ್ಲಿ ಆ ಕಡೆ ತಿರುಗಿದರು. ಮಂಜುಳ ಹಣ್ಣು ತಿಂದಳು. ಅರ್ಜುನ ಮೇಲೆಯೇ ಇದ್ದಾನೆಂಬುದು ಆಮೇಲೆ ಎಷ್ಟೋ ಹೊತ್ತಿನ ತನಕ ಯಾರಿಗೂ ನೆನಪಾಗಲಿಲ್ಲ.

ಈ ವರ್ಷ ಮತ್ತೆ ಮರದ ಕಂಬ ನೆಟ್ಟಿದ್ದಾರೆ. ಸಭೆಗೆ ನನ್ನನ್ನು ಕರೆದಿರಲಿಲ್ಲ. ನನ್ನ ಕಂಬ ಹಿತ್ತಲಲ್ಲಿ ಎರಡು ಕವೆಗಳ ಮೇಲೆ ಅಡ್ಡ ಮಲಗಿದೆ, ಸಾಕಮ್ಮ ಅದರ ಮೇಲೆ ಬಟ್ಟೆ ಒಣಹಾಕುತ್ತಾಳೆ. ಮಂಜುಳ ಬಾಣಂತನಕ್ಕೆ ಬಂದಾಗಿನಿಂದ ಪುಟ್ಟ ಪುಟ್ಟ ಬಟ್ಟೆಗಳೂ ಸೇರಿಕೊಂಡಿವೆ, ದಿನಕ್ಕೆ ಇಪ್ಪತ್ತು. ಮೊದಲನೆಯದನ್ನು ಹರವಿ ಕೊನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ.

"ಅಂತೂ ಒಂದ್ ಕೆಲ್ಸ ಚೆನ್ನಾಗಿ ಮಾಡಿದೀಯ" ಅನ್ನುತ್ತಾಳೆ ಸಾಕಮ್ಮ. ಮೂವತ್ತು ವರ್ಷದಲ್ಲಿ ಅವಳು ನನ್ನ ವೆಲ್ಡಿಂಗನ್ನು ಹೊಗಳಿದ್ದು ಇದೇ ಮೊದಲು.